ಹೆಡ್‌ಮಾಸ್ಟರಿಗೆ ಹೇಳಿದರೆ ಮುಗಿಯಿತೇ? ಮಕ್ಕಳ ಮೇಲಿನ ದೌರ್ಜನ್ಯ ಮತ್ತು ತಿಳಿಸುವ ಹೊಣೆ

"ನಾನು ಆವತ್ತೇ ಹೆಡ್‌ಮಾಸ್ಟರಿಗೆ ಹೇಳೀನ್ರಿ, ಮುಂದಿಂದು ಅವರು ನೋಡ್ಕೋಬೇಕು." ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಹೊರಬಿದ್ದು ಪೊಲೀಸರು ವಿಚಾರಣೆಗೆ ಬಂದಾಗ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಕೇಳಿಬರುವ ಮಾತಿದು. ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ನಿಜವಾಗಿಯೂ ಹೇಳಿರುತ್ತಾರೆ. ಆದರೆ ಕಾನೂನು ಕೇಳುವುದು ಯಾರಿಗೋ ಹೇಳಿದಿರಾ ಎಂದಲ್ಲ, ಪೊಲೀಸರಿಗೆ ಹೇಳಿದಿರಾ ಎಂದು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಪೋಕ್ಸೊ, 2012ರ ನವೆಂಬರ್ 14ರಂದು ಜಾರಿಗೆ ಬಂತು. ಅದರ 19ನೇ ಕಲಮಿನ ಮೊದಲ ಸಾಲಿನಲ್ಲೇ 'ಯಾವುದೇ ವ್ಯಕ್ತಿ' ಎಂದಿದೆ. ಶಿಕ್ಷಕರು, ವೈದ್ಯರು, ವಾರ್ಡನ್ ಎಂದು ಪಟ್ಟಿ ಮಾಡಿಲ್ಲ. ಪಕ್ಕದ ಮನೆಯ ಅಜ್ಜಿ, ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವಾಕೆ, ಶಾಲಾ ಆಟೊ ಓಡಿಸುವವನು, ಮಗುವಿನ ತಾಯಿ, ಎಲ್ಲರೂ ಇದರೊಳಗೆ ಬರುತ್ತಾರೆ. 18 ವರ್ಷ ತುಂಬದ ಯಾರ ಮೇಲಾದರೂ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು, ಸ್ಥಳೀಯ ಪೊಲೀಸರಿಗೆ ಅಥವಾ ಜಿಲ್ಲೆಯ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಬೇಕು. 'ತಿಳಿಸಬಹುದು' ಅಲ್ಲ, ತಿಳಿಸಬೇಕು. ಮಗು ಗಂಡೋ ಹೆಣ್ಣೋ ಎಂಬ ಭೇದವೂ ಇಲ್ಲ. ಗಂಡುಹುಡುಗರ ವಿಷಯ ಬಂದಾಗ "ಹುಡುಗ್ರು ಹುಡುಗ್ರು ಆಡ್ಕೊಂಡಾರ ಬಿಡ್ರಿ" ಎಂದು ತೇಲಿಸಿಬಿಡುವುದು ನಮ್ಮ ಹಾಸ್ಟೆಲುಗಳ ಹಳೆಯ ಚಾಳಿ.

ತಿಳಿಸದೆ ಹೋದರೆ ಏನು? ಅದು 21ನೇ ಕಲಮು. ಅಪರಾಧ ನಡೆದದ್ದು ಗೊತ್ತಿದ್ದೂ ಮುಚ್ಚಿಟ್ಟವರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನ ಸಿಬ್ಬಂದಿ ಎಸಗಿದ ಅಪರಾಧವನ್ನು ತಿಳಿಸದಿದ್ದರೆ ಶಿಕ್ಷೆ ಒಂದು ವರ್ಷಕ್ಕೆ ಏರುತ್ತದೆ, ಜೊತೆಗೆ ದಂಡವೂ ಬೀಳುತ್ತದೆ. ಅದೇ ಕಲಮಿನಡಿ, ಮಾಹಿತಿ ಬಂದರೂ ದಾಖಲಿಸದೆ ವಾಪಸ್ ಕಳಿಸಿದ ಪೊಲೀಸರೂ ಆರೋಪಿಗಳಾಗುತ್ತಾರೆ. ಮಗುವಿಗೆ ಮಾತ್ರ ಈ ಕಲಮು ಅನ್ವಯಿಸುವುದಿಲ್ಲ. ತನ್ನ ಮೇಲೆ ನಡೆದದ್ದನ್ನೋ ಗೆಳತಿಯ ಮೇಲೆ ನಡೆದದ್ದನ್ನೋ ಹೇಳಲಿಲ್ಲ ಎಂದು ಯಾವ ಮಗುವನ್ನೂ ಶಿಕ್ಷಿಸುವಂತಿಲ್ಲ.

ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. 19ನೇ ಕಲಮು 'ನಡೆಯಬಹುದೆಂಬ ಆತಂಕ'ವನ್ನೂ ತಿಳಿಸಿ ಎನ್ನುತ್ತದೆ. 21ನೇ ಕಲಮಿನ ಶಿಕ್ಷೆ ಮಾತ್ರ 'ಅಪರಾಧ ನಡೆದದ್ದನ್ನು' ತಿಳಿಸದವರ ಮೇಲೆ ನಿಂತಿದೆ. ಹಾಗಾಗಿ ಬರೀ ಅನುಮಾನವಿತ್ತು, ಹೇಳಲಿಲ್ಲ ಎಂಬ ಕಾರಣಕ್ಕೆ ಯಾರನ್ನಾದರೂ ಜೈಲಿಗೆ ಕಳಿಸುವುದು ಸುಲಭವಲ್ಲ. ಇದನ್ನು ತಪ್ಪಿಸಿಕೊಳ್ಳುವ ದಾರಿ ಎಂದು ಯಾರಾದರೂ ಓದಿಕೊಂಡರೆ ಅದು ಅವರ ಹಣೆಬರಹ. ಏಕೆಂದರೆ ಅನುಮಾನ ಎಲ್ಲಿ ಮುಗಿಯಿತು, ತಿಳಿವಳಿಕೆ ಎಲ್ಲಿ ಶುರುವಾಯಿತು ಎಂಬುದನ್ನು ಕೊನೆಗೆ ತೀರ್ಮಾನಿಸುವವರು ನ್ಯಾಯಾಧೀಶರು, ನಾವಲ್ಲ.

ಎಷ್ಟು ಗೊತ್ತಿದ್ದರೆ 'ಗೊತ್ತು'?

ಮಾನ್ವಿ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆ ಎಂದಿಟ್ಟುಕೊಳ್ಳಿ. ಏಳನೇ ಇಯತ್ತೆಯ ಹುಡುಗಿ ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ಟೀಚರ್ ಹತ್ತಿರ ಬಂದು, "ಟೀಚರ್, ನಾ ಇವತ್ತ ಮನೀಗೆ ಹೋಗಂಗಿಲ್ರಿ" ಎನ್ನುತ್ತಾಳೆ. ಯಾಕೆಂದರೆ ಸುಮ್ಮನಾಗುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ, "ಮಾವ ಬಂದಾನ್ರಿ. ರಾತ್ರಿ ಮುಟ್ಟತಾನ್ರಿ" ಎನ್ನುತ್ತಾಳೆ. ಆ ಎರಡು ವಾಕ್ಯಗಳು ಸಾಕು. ಕಾನೂನಿನ ದೃಷ್ಟಿಯಲ್ಲಿ ಟೀಚರಿಗೆ ಈಗ ವಿಷಯ ತಿಳಿದಿದೆ.

ಇಲ್ಲಿ ಬಹಳ ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ಎಡವುತ್ತಾರೆ. ಖಚಿತ ಮಾಡಿಕೊಳ್ಳೋಣ ಎಂದು ಕೂರಿಸಿ ಕೇಳುತ್ತಾರೆ. ಎಲ್ಲಿ ಮುಟ್ಟಿದ, ಎಷ್ಟು ಸಲ, ಅಮ್ಮನಿಗೆ ಯಾಕೆ ಹೇಳಲಿಲ್ಲ. ಇನ್ನಿಬ್ಬರು ಟೀಚರನ್ನು ಕರೆದು ಅವರ ಮುಂದೆ ಮತ್ತೊಮ್ಮೆ ಹೇಳಿಸುತ್ತಾರೆ. ಆಮೇಲೆ ಮಾವನನ್ನೇ ಶಾಲೆಗೆ ಕರೆಸುತ್ತಾರೆ. ಇದರಲ್ಲಿ ಒಂದನ್ನೂ ಮಾಡಬೇಕಿಲ್ಲ. ಮಗು ಹೇಳಿದ ಮಾತನ್ನು ಅದೇ ಶಬ್ದಗಳಲ್ಲಿ, ದಿನಾಂಕ ಸಮಯ ಹಾಕಿ ಬರೆದಿಟ್ಟುಕೊಳ್ಳಬೇಕು. "ನೀ ಹೇಳಿದ್ದು ಚಲೋ ಆತವ್ವ, ನಿಂದೇನೂ ತಪ್ಪಿಲ್ಲ" ಎನ್ನಬೇಕು. ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬಾರದು, ಆ ಮಾತು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ತನಿಖೆ ಪೊಲೀಸರ ಕೆಲಸ.

ಸುಪ್ರೀಂ ಕೋರ್ಟ್ ಕೂಡ ಈ ಗೆರೆಯನ್ನು ಎಳೆದಿದೆ. 2018ರ ಟೆಸ್ಸಿ ಜೋಸ್ ಪ್ರಕರಣದಲ್ಲಿ ಕೇರಳದ ಒಂದು ಆಸ್ಪತ್ರೆಯ ವೈದ್ಯರ ಮೇಲೆ, ಹೆರಿಗೆಗೆ ಬಂದ ಹುಡುಗಿ ಅಪ್ರಾಪ್ತೆ ಎಂದು ತಿಳಿಸಲಿಲ್ಲ ಎಂಬ ಆರೋಪವಿತ್ತು. ದಾಖಲೆಯಲ್ಲಿ 18 ಎಂದು ಬರೆಸಲಾಗಿತ್ತು. ವಿಷಯ ತಿಳಿದಿದ್ದರೆ ತಿಳಿಸುವ ಹೊಣೆ ಇದೆ, ಆದರೆ ತನಿಖೆ ಮಾಡಿ ತಿಳಿವಳಿಕೆ ಸಂಪಾದಿಸುವ ಹೊಣೆ ಇಲ್ಲ ಎಂದು ಕೋರ್ಟ್ ಅವರನ್ನು ಬಿಟ್ಟಿತು. ಅದರ ಎದುರಿಗೆ 2022ರ ನವೆಂಬರಿನ ಇನ್ನೊಂದು ತೀರ್ಪಿದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬುಡಕಟ್ಟು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ದೌರ್ಜನ್ಯ ನಡೆದಿತ್ತು. ಆ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರಿಗೆ ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಎಂಬುದು ಆರೋಪ. ಅವರ ವಿರುದ್ಧದ ಎಫ್‌ಐಆರನ್ನು ಹೈಕೋರ್ಟ್ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ಬಹಳ ಸಲ ಅದು ಅಪರಾಧಿಯನ್ನು ಕಾಪಾಡುವ ಯತ್ನ ಎಂದಿತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನಮ್ಮ ಮಾನ್ವಿಯ ಟೀಚರ್ ಎಲ್ಲಿ ನಿಂತಿದ್ದಾರೆಂದು ತಿಳಿಯುತ್ತದೆ.

ಅವರು ಹೆಡ್‌ಮಾಸ್ಟರಿಗೂ ಹೇಳಲಿ, ತಪ್ಪಿಲ್ಲ. ಹೇಳಲೇಬೇಕು ಕೂಡ. ಆದರೆ ಹೆಡ್‌ಮಾಸ್ಟರು "ಎಸ್‌ಡಿಎಂಸಿ ಮೀಟಿಂಗಿನ್ಯಾಗ ಇಡೋಣ, ಶಾಲೀ ಹೆಸರು ಕೆಡ್ತದ" ಎಂದು ಮೂರು ದಿನ ತಳ್ಳಿದರೆ, ಆ ಮೂರು ದಿನದ ಹೊಣೆ ಟೀಚರ ತಲೆಯ ಮೇಲೂ ಇರುತ್ತದೆ. ಹೊಣೆಯನ್ನು ಮೇಲಿನವರಿಗೆ ದಾಟಿಸಿ ಕೈತೊಳೆದುಕೊಳ್ಳುವ ಅವಕಾಶ ಈ ಕಾಯ್ದೆಯಲ್ಲಿಲ್ಲ. ಊರ ಹಿರಿಯರನ್ನು ಕೂಡಿಸಿ, ದಂಡ ಕಟ್ಟಿಸಿ, ತಪ್ಪೊಪ್ಪಿಗೆ ಬರೆಸಿಕೊಂಡು ಮುಗಿಸುವ ಪದ್ಧತಿಗಂತೂ ಇಲ್ಲಿ ಜಾಗವೇ ಇಲ್ಲ. ಕಟ್ಟೆಗೆ ಕೂತು ರಾಜಿ ಮಾಡಿಸಿದ ಹಿರಿಯರಿಗೆಲ್ಲ ಆ ಕೂತಲ್ಲೇ ವಿಷಯ 'ತಿಳಿದಿರುತ್ತದೆ'. 21ನೇ ಕಲಮು ಅವರಿಗೂ ಸೇರಿ ಅನ್ವಯ.

ತಿಳಿಸಿದ ಮೇಲೆ

ಪೊಲೀಸ್ ಠಾಣೆ ಎಂದರೆ ಮಗುವನ್ನು ಎಳೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸುವುದು ಎಂಬ ಚಿತ್ರ ತಲೆಯಲ್ಲಿರುವುದರಿಂದಲೇ ಅರ್ಧ ಜನ ಹಿಂಜರಿಯುತ್ತಾರೆ. ಕಾಯ್ದೆ ಹೇಳುವುದು ಬೇರೆ. ಬಂದ ಮಾಹಿತಿಗೆ ನಮೂದು ಸಂಖ್ಯೆ ಕೊಟ್ಟು, ಬರವಣಿಗೆಯಲ್ಲಿ ದಾಖಲಿಸಿ, ತಿಳಿಸಿದವರಿಗೆ ಓದಿ ಹೇಳಬೇಕು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಕಡೆ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಸಮವಸ್ತ್ರ ಹಾಕಿರಬಾರದು. ರಾತ್ರಿ ಹೊತ್ತು ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೆಣ್ಣುಮಗುವಿನ ವೈದ್ಯಕೀಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು, ಪಾಲಕರೋ ಮಗು ನಂಬಿದವರೋ ಜೊತೆಗಿರಬೇಕು. ಜಿಲ್ಲಾಸ್ಪತ್ರೆಯಿರಲಿ ಖಾಸಗಿ ನರ್ಸಿಂಗ್ ಹೋಮಿರಲಿ, ತುರ್ತು ಚಿಕಿತ್ಸೆಗೆ "ಮೊದಲು ಪೊಲೀಸ್ ಲೆಟರ್ ತನ್ನಿ" ಎಂದು ಕೇಳುವಂತಿಲ್ಲ. ದುಡ್ಡೂ ಕೇಳುವಂತಿಲ್ಲ.

ಮಾಹಿತಿ ಬಂದ 24 ತಾಸಿನೊಳಗೆ ಪೊಲೀಸರು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮತ್ತು ವಿಶೇಷ ನ್ಯಾಯಾಲಯಕ್ಕೆ ವರದಿ ಕಳಿಸಬೇಕು. ಈ ಸಮಿತಿಯ ಬಗ್ಗೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಅದಕ್ಕೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮೇಲಿನ ಹುಡುಗಿಯಂಥವಳು, ಆರೋಪಿ ಇರುವ ಮನೆಗೇ ಹಿಂತಿರುಗಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಇದೇ ಸಮಿತಿ. ಕೋರ್ಟು ಮುಗಿಯುವವರೆಗೂ ಮಗುವಿನ ಜೊತೆ ಓಡಾಡಲು ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸುವ, ಬಟ್ಟೆ, ಊಟ, ಬಸ್ ಚಾರ್ಜಿನಂಥ ತಕ್ಷಣದ ಖರ್ಚಿಗೆ ಶಿಫಾರಸು ಮಾಡುವ ಅಧಿಕಾರವೂ 2020ರ ನಿಯಮಗಳಲ್ಲಿ ಅದಕ್ಕಿದೆ. ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ನೆಲದ ಮೇಲೆ ಎಲ್ಲವೂ ಹೀಗೇ ನಡೆಯುತ್ತದೆ ಎಂದು ನಾನು ಹೇಳಲಾರೆ. ಆದರೆ ಏನು ಸಿಗಬೇಕೆಂದು ಗೊತ್ತಿದ್ದವರು ಕೇಳಿ ಪಡೆಯುತ್ತಾರೆ, ಗೊತ್ತಿಲ್ಲದವರು ಕೊಟ್ಟಷ್ಟಕ್ಕೆ ಸುಮ್ಮನಾಗುತ್ತಾರೆ.

ತಾಯಿ ಕಾರ್ಡಿನ ಎದುರು ಕೂತ ಆಶಾ

ಈ ಕಾಯ್ದೆ ನಿಜಕ್ಕೂ ಇಕ್ಕಟ್ಟಿಗೆ ಸಿಕ್ಕಿಸುವುದು ಶಾಲೆಯಲ್ಲಲ್ಲ, ಉಪಕೇಂದ್ರದಲ್ಲಿ. ದೇವದುರ್ಗದ ಕಡೆಯೋ ಕುಷ್ಟಗಿಯ ಕಡೆಯೋ ಒಂದು ಹಳ್ಳಿ. ಆಶಾ ಕಾರ್ಯಕರ್ತೆ ಹೊಸ ಬಸುರಿಯ ಹೆಸರು ಬರೆಯಲು ಹೋಗುತ್ತಾಳೆ. ಕೊರಳಲ್ಲಿ ತಾಳಿ, ಕೈತುಂಬ ಹಸಿರು ಬಳೆ, ಆಧಾರ್ ಕಾರ್ಡಿನಲ್ಲಿ 19. ಅದೇ ಓಣಿಯ ಶಾಲೆಯಲ್ಲಿ ಓದಿದ ಹುಡುಗಿ, ಹಾಜರಿ ಪುಸ್ತಕದ ಪ್ರಕಾರ 16. ಆಶಾಗೆ ಇದು ಗೊತ್ತು, ಏಕೆಂದರೆ ಆಕೆಯ ಮಗಳೂ ಅದೇ ಕ್ಲಾಸು.

ವಯಸ್ಸಿನ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಲ್ಲಿ ಮೊದಲ ಸ್ಥಾನ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ. ಅದಿಲ್ಲದಿದ್ದರೆ ಪಂಚಾಯಿತಿ, ನಗರಸಭೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ.

ಈಗ ಮದುವೆಯ ಮಾತು. ಮದುವೆಯಾಗಿದೆಯಲ್ಲ, ಗಂಡ ಹೆಂಡತಿ, ಇದರಲ್ಲಿ ಪೋಕ್ಸೊ ಎಲ್ಲಿ ಬಂತು ಎಂಬುದು ಎಲ್ಲರ ಪ್ರಶ್ನೆ. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್, 18 ತುಂಬದ ಹೆಂಡತಿಯ ಜೊತೆಗಿನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದು ಹೇಳಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಅಲ್ಲದೆ 2017ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಡೆದ ಬಾಲ್ಯವಿವಾಹ ಹುಟ್ಟುವಾಗಲೇ ಅನೂರ್ಜಿತ, ಕಾನೂನಿನ ಕಣ್ಣಿನಲ್ಲಿ ಆ ಮದುವೆ ಆಗಿಯೇ ಇಲ್ಲ. ಬಾಲ್ಯವಿವಾಹ ತಡೆಯ ದಾರಿ ಸೂಚಿಸಲು ರಾಜ್ಯ ನೇಮಿಸಿದ್ದ ಸಮಿತಿಯ ಮುಖ್ಯಸ್ಥರಾಗಿದ್ದವರು ರಾಯಚೂರು ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರು, ವರದಿ ಬಂದದ್ದು 2011ರಲ್ಲಿ. ಹೀಗಾಗಿ ಆಶಾ, ಆರೋಗ್ಯ ಸಹಾಯಕಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಮೂವರ ಮೇಲೂ ತಿಳಿಸುವ ಹೊಣೆ ಇದೆ.

ತಿಳಿಸಿದರೆ ಗಂಡ ಜೈಲಿಗೆ. ಆ ಹುಡುಗಿ "ನನ್ನ ಮನಿ ಮುರದಿ" ಎಂದು ಶಪಿಸುತ್ತಾಳೆ. ಮುಂದಿನ ಬಸುರಿಯನ್ನು ಅತ್ತೆ ಉಪಕೇಂದ್ರದ ಹತ್ತಿರವೂ ಸುಳಿಯಗೊಡುವುದಿಲ್ಲ, ಮನೆಯಲ್ಲೇ ಹೆರಿಗೆ. ತಿಳಿಸದಿದ್ದರೆ, ನಾಳೆ ಹೆರಿಗೆ ಕೋಣೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದಾಗ ಮೊದಲು ಕೇಳುವ ಪ್ರಶ್ನೆ, ಹೆಸರು ಬರೆದುಕೊಂಡವರು ಯಾರು ಎಂದು. ಈ ಇಕ್ಕಟ್ಟು ಕೃತಕವಲ್ಲ. ನನ್ನ ಮಟ್ಟಿಗೆ ಇದು ಕಾಯ್ದೆಯ ದೊಡ್ಡ ದೋಷ. ಗೌರವಧನಕ್ಕೆ ದುಡಿಯುವ, ಅದೇ ಓಣಿಯಲ್ಲಿ ಬದುಕಬೇಕಾದ ಹೆಣ್ಣುಮಗಳನ್ನೂ, ಕಾರಿನಲ್ಲಿ ಬಂದು ಹೋಗುವ ವೈದ್ಯರನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆದರೂ ಕಾನೂನು ಇವತ್ತು ಇರುವುದು ಹೀಗೆ. ಆಶಾ ಒಬ್ಬಳೇ ಠಾಣೆಗೆ ಹೋಗಬೇಕೆಂದಿಲ್ಲ. ಆರೋಗ್ಯ ಸಹಾಯಕಿ, ವೈದ್ಯರು ಸೇರಿ ಆರೋಗ್ಯ ಕೇಂದ್ರದ ಹೆಸರಿನಲ್ಲಿ ಲಿಖಿತವಾಗಿ ಕಳಿಸಬಹುದು, ಅದರಲ್ಲಿ ಆಕೆಯ ಸಹಿಯೂ ಇರಲಿ.

ಗರ್ಭಪಾತ ಬಯಸಿ ಬಂದ ಹುಡುಗಿಯ ವಿಷಯದಲ್ಲಿ ಮಾತ್ರ ಸುಪ್ರೀಂ ಕೋರ್ಟ್ ಒಂದು ಸಣ್ಣ ಕಿಂಡಿ ತೆರೆದಿದೆ. 2022ರ ಸೆಪ್ಟೆಂಬರ್ 29ರ ತೀರ್ಪಿನ ಪ್ರಕಾರ, ಹುಡುಗಿ ಮತ್ತು ಪಾಲಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಹೆಸರು, ಗುರುತು ಬಿಟ್ಟುಬಿಡಬಹುದು. ತಿಳಿಸುವುದು ತಪ್ಪುವುದಿಲ್ಲ, ಹೆಸರು ಮಾತ್ರ ಹೊರಬೀಳುವುದಿಲ್ಲ. ಈ ತೀರ್ಪು ಗೊತ್ತಿಲ್ಲದ ಕಾರಣಕ್ಕೆ ಹುಡುಗಿಯರನ್ನು ಹಾಗೇ ವಾಪಸ್ ಕಳಿಸಿದರೆ ಅವರು ಹೋಗುವುದು ಪದವಿಯಿಲ್ಲದ ಯಾರದೋ ಕೈಗೆ.

ಲೈಂಗಿಕ ಅಪರಾಧವಲ್ಲದ್ದು

ಹೊಡೆತ, ಉಪವಾಸ, ಕೆಲಸಕ್ಕೆ ಹಚ್ಚುವುದು, ಬಿಟ್ಟು ಹೋಗುವುದು. ಇವಕ್ಕೆಲ್ಲ ಪೋಕ್ಸೊದಂಥ ಕಡ್ಡಾಯ ಇದೆಯೇ? ಎಲ್ಲದಕ್ಕೂ ಇದೆ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಸರಿಯಲ್ಲ.

ಬಾಲನ್ಯಾಯ ಕಾಯ್ದೆಯ 32ನೇ ಕಲಮು ಕಡ್ಡಾಯ ಮಾಡುವುದು ಒಂದು ಸಂದರ್ಭವನ್ನು. ಕಳೆದುಹೋದ, ತೊರೆದುಹೋದ, ದಿಕ್ಕಿಲ್ಲದ ಮಗು ನಿಮ್ಮ ಕೈಗೆ ಸಿಕ್ಕಿದರೆ, ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮಕ್ಕಳ ಸಹಾಯವಾಣಿ 1098ಕ್ಕೆ, ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಬೇಕು. ರಾಯಚೂರು ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದ ಒಂಟಿ ಹುಡುಗನನ್ನು "ಪಾಪ, ನಮ್ಮ ಹೋಟೆಲ್ನ್ಯಾಗ ಇರ್ಲಿ, ಊಟ ಮಾಡ್ಕೊಂಡು ಕಪ್ ತೊಳೀಲಿ" ಎಂದು ಇಟ್ಟುಕೊಂಡವರು ಪುಣ್ಯ ಕಟ್ಟಿಕೊಳ್ಳುತ್ತಿಲ್ಲ. 6 ತಿಂಗಳ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡರ ಅಪರಾಧ ಮಾಡುತ್ತಿದ್ದಾರೆ. ಮಕ್ಕಳಿಲ್ಲದ ದಂಪತಿಗೆ ಹಸುಗೂಸನ್ನು ಸದ್ದಿಲ್ಲದೆ ದಾಟಿಸುವ ಆಸ್ಪತ್ರೆಯವರಿಗೂ ಇದೇ ಕಲಮು, ಅದರ ಮೇಲೆ ಇನ್ನೂ ಭಾರಿಯವು.

ಉಳಿದವುಗಳಲ್ಲಿ ತಿಳಿಸುವುದು ಸಾಮಾನ್ಯ ಜನರ ಹಕ್ಕು, ಕಡ್ಡಾಯವಲ್ಲ. ಹತ್ತಿ ಬೀಜದ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಶಾಲೆ ಬಿಡಿಸಿ ಕರೆದೊಯ್ದ ಹತ್ತು ವರ್ಷದ ಹುಡುಗಿ, ಸಂಡೂರಿನ ಗಣಿಯಲ್ಲಿ ದುಡಿಯುವ ಹದಿನಾರರ ಹುಡುಗ, ಮನೆಯಲ್ಲಿ ಬರೆ ಹಾಕಿಸಿಕೊಂಡ ಮಗು, ಇವರೆಲ್ಲ ಕಾಯ್ದೆಯ ಭಾಷೆಯಲ್ಲಿ 'ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು'. ಯಾರು ಬೇಕಾದರೂ ಇವರ ಬಗ್ಗೆ ಸಮಿತಿಗೆ ಹೇಳಬಹುದು. ಮಗುವಿಗೆ ಕ್ರೌರ್ಯ ತೋರಿದವರಿಗೆ 75ನೇ ಕಲಮಿನಡಿ 3 ವರ್ಷದವರೆಗೆ ಶಿಕ್ಷೆ ಇದೆ, ನೋಡಿಕೊಳ್ಳುವ ಸಂಸ್ಥೆಯ ಸಿಬ್ಬಂದಿಯಾದರೆ 5 ವರ್ಷದವರೆಗೆ. ಬಾಲ್ಯವಿವಾಹ ನಡೆಯಲಿದೆ ಎಂಬ ನಂಬಲರ್ಹ ಸುಳಿವಿದ್ದ ಯಾರೇ ಆಗಲಿ ಮ್ಯಾಜಿಸ್ಟ್ರೇಟರಲ್ಲಿ ತಡೆಯಾಜ್ಞೆ ಕೇಳಬಹುದು, ಬಾಲ್ಯವಿವಾಹ ನಿಷೇಧಾಧಿಕಾರಿಗೆ ತಿಳಿಸಬಹುದು. ಅಧಿಕಾರಿಗೆ ಮಾತ್ರ ಅದು ಕೆಲಸದ ಭಾಗ, ತಪ್ಪಿಸಿಕೊಳ್ಳುವಂತಿಲ್ಲ. ಹುಡುಗಿಗೆ ಮುತ್ತು ಕಟ್ಟುವುದನ್ನು, ಅಂದರೆ ದೇವದಾಸಿ ಮಾಡುವುದನ್ನು, ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿತು. ಗುಟ್ಟಾಗಿ ಮುತ್ತು ಕಟ್ಟಿ, ಮೈನೆರೆದ ಮೇಲೆ ಯಾರದೋ ಪಾಲು ಮಾಡುವುದು ಬಂದಲ್ಲಿಗೆ ಅದು ನೇರ ಪೋಕ್ಸೊ, ಮತ್ತೆ ತಿಳಿಸುವುದು ಕಡ್ಡಾಯ.

ಗುಳೆಯ ಮಾತು ಸ್ವಲ್ಪ ಬೇರೆ. ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿ ಮಕ್ಕಳನ್ನು ಮುದುಕಿಯ ಹತ್ತಿರ ಬಿಟ್ಟರೆ ಅದನ್ನು ನಿರ್ಲಕ್ಷ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಬಡತನವನ್ನು ಅಪರಾಧ ಎಂದು ಓದಬಾರದು. ಆ ಮಗುವಿಗೆ ಬೇಕಾದದ್ದು ಎಫ್‌ಐಆರ್ ಅಲ್ಲ, ಹಾಸ್ಟೆಲಿನಲ್ಲಿ ಒಂದು ಸೀಟು. ಇಂಥಲ್ಲಿ ಪಿಡಿಒ ಅಥವಾ ಮಕ್ಕಳ ರಕ್ಷಣಾ ಘಟಕದ ಗಮನಕ್ಕೆ ತಂದರೆ ಸಾಕು.

ತಿಳಿಸುವವರ ಭಯ

"ಸುಳ್ಳಾದ್ರ ನಮ್ಮ ಮ್ಯಾಲೇ ಕೇಸ್ ಹಾಕ್ತಾರ್ರಿ." ಹಾಕಲಾರರು, ಸದುದ್ದೇಶದಿಂದ ಹೇಳಿದ್ದರೆ. ಅಂಥವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದು 19ನೇ ಕಲಮೇ ಹೇಳುತ್ತದೆ. ಶಿಕ್ಷೆ ಇರುವುದು, ಹೊಲದ ಗಡಿ ಜಗಳಕ್ಕೋ ಎಲೆಕ್ಷನ್ ಸೇಡಿಗೋ ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ. ಕೋರ್ಟಿನಲ್ಲಿ ಆರೋಪ ಸಾಬೀತಾಗದೆ ಹೋಯಿತು ಎಂದಾಕ್ಷಣ ತಿಳಿಸಿದವರು ಸುಳ್ಳುಗಾರರಾಗುವುದಿಲ್ಲ.

ಸಾಕ್ಷಿಗೆ ಕರೆಯುತ್ತಾರೆಯೇ? ಕರೆಯಬಹುದು. ಅದನ್ನು ಮರೆಮಾಚಿ ಧೈರ್ಯ ತುಂಬುವುದರಲ್ಲಿ ಅರ್ಥವಿಲ್ಲ. ಮಗು ಮೊದಲು ಹೇಳಿದ್ದು ನಿಮಗೇ ಆಗಿದ್ದರೆ ಕರೆ ಬರುವುದು ಬಹುತೇಕ ಖಚಿತ, ಆಗ ಆ ದಿನ ಬರೆದಿಟ್ಟ ಚೀಟಿ ಕೆಲಸಕ್ಕೆ ಬರುತ್ತದೆ. 1098ಕ್ಕೆ ಹೆಸರು ಹೇಳದೆ ಫೋನ್ ಮಾಡಬಹುದು, ಆದರೆ ನೌಕರಿಯಲ್ಲಿರುವವರಿಗೆ ನನ್ನ ಸಲಹೆ ಬೇರೆ: ನೀವು ತಿಳಿಸಿದಿರಿ ಎಂಬುದಕ್ಕೆ ನಿಮ್ಮ ಹತ್ತಿರ ಪುರಾವೆ ಇರಲಿ. 21ನೇ ಕಲಮಿನ ಎದುರು ನಿಲ್ಲುವುದು ಅದೊಂದೇ.

ತಿಳಿಸುವ ಹೊಣೆಗೆ ಅಂಟಿಕೊಂಡೇ ಬಾಯಿ ಮುಚ್ಚಿಕೊಳ್ಳುವ ಹೊಣೆಯೂ ಇದೆ. ಮಗುವಿನ ಹೆಸರು, ಫೋಟೊ, ಶಾಲೆ, ಓಣಿ, ಅಪ್ಪನ ಹೆಸರು, ಯಾವುದೂ ಹೊರಬೀಳಬಾರದು. 'ನ್ಯಾಯ ಸಿಗಲಿ' ಎಂದು ಬರೆದು ಹುಡುಗಿಯ ಫೋಟೊವನ್ನು ಊರ ವಾಟ್ಸಾಪ್ ಗ್ರೂಪಿಗೆ ಹಾಕಿದವರೂ ಅಪರಾಧಿಗಳೇ. ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅದಕ್ಕೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ ಇವೆ.

ಇನ್ನು ಠಾಣೆಯಲ್ಲಿ "ಇದು ನಮ್ಮ ಹದ್ದಿಗೆ ಬರಂಗಿಲ್ಲ, ಸಿರುಗುಪ್ಪಕ್ಕ ಹೋಗ್ರಿ" ಎಂದರೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಅಪರಾಧ ಎಲ್ಲೇ ನಡೆದಿರಲಿ ಮಾಹಿತಿ ದಾಖಲಿಸಿಕೊಳ್ಳಬೇಕೆನ್ನುತ್ತದೆ. ಅತ್ಯಾಚಾರದಂಥ ಮಾಹಿತಿಯನ್ನು ದಾಖಲಿಸದ ಸರ್ಕಾರಿ ನೌಕರನಿಗೆ ನ್ಯಾಯ ಸಂಹಿತೆಯ 199ನೇ ಕಲಮಿನಡಿ ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ ಕಠಿಣ ಸಜೆ. ಕಲಮಿನ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅಷ್ಟಾದರೂ ತೆಗೆದುಕೊಳ್ಳದಿದ್ದರೆ ಅದೇ ಮಾಹಿತಿಯನ್ನು ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಪ್ರತಿಯೊಂದನ್ನು ಮಕ್ಕಳ ಕಲ್ಯಾಣ ಸಮಿತಿಗೆ ಹಾಕಿ, ಅಂಚೆ ರಸೀದಿ ಎತ್ತಿಟ್ಟುಕೊಳ್ಳಿ.